ದೊಡ್ಡವ್ವನ ಓವನ್ನಿಗೆ ಹಿಡಿದ ಹೊಗೆ

ದೊಡ್ಡವ್ವನ ಬಲಗಣ್ಣಿನ ಮೇಲೆ ಹುಬ್ಬು ಅರ್ಧವೇ ಇತ್ತು. ಮೂಗಿನ ಕಡೆಯ ಅರ್ಧ ದಟ್ಟವಾಗಿ ನರೆತಿದ್ದರೆ, ಕಿವಿಯ ಕಡೆ ಬರೀ ನುಣುಪಾದ ಚರ್ಮ. ಯಾವ ಕಾಲದಲ್ಲೋ ಗ್ಯಾಸ್ ಓವನ್ನಿನ ಬಾಗಿಲು ತೆಗೆದು ಕಡ್ಡಿ ಗೀರಿದಾಗ ಭಗ್ಗನೆ ಎದ್ದ ಉರಿ ಅದನ್ನು ನೆಕ್ಕಿಕೊಂಡು ಹೋಗಿತ್ತಂತೆ, ಮತ್ತೆ ಬೆಳೆಯಲಿಲ್ಲ. ಆಮೇಲೆ ಕರೆಂಟಿನ ಓವನ್ ಬಂತು. ಅದರೊಳಗೆ ಕತ್ತಿನವರೆಗೂ ತಲೆ ಹಾಕಿ ಮೂಸುವ ಅಭ್ಯಾಸ ಮಾತ್ರ ಹೋಗಲಿಲ್ಲ. ಬಾಡಿಗೆಗೆ ಮನೆ ಕೇಳಲು ಹೋದ ದಿನ ನಾನು ಮೊದಲು ಕಂಡದ್ದೂ ಅವರ ಬೆನ್ನನ್ನೇ. ಬಿಳಿ ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು, ತಲೆಯನ್ನು ಓವನ್ನಿನೊಳಗೆ ತೂರಿಸಿ ನಿಂತಿದ್ದರು. ಬಾಗಿಲಲ್ಲಿ ನಿಂತು ಕೆಮ್ಮಿದೆ. "ಇರು ಕೂಸೇ, ಬೆಂದ ವಾಸನೆ ಇನ್ನೂ ಬಂದಿಲ್ಲೆ" ಎಂದು ಒಳಗಿನಿಂದಲೇ ಸದ್ದು ಬಂತು.

ನಾನು ಗುಂಡ್ಲುಪೇಟೆ ಕಡೆಯವಳು. ಬ್ಯಾಂಕಿನವರು ನೀಲಗಿರಿ ಬೆಟ್ಟದ ಕೋತಗಿರಿಗೆ ವರ್ಗ ಮಾಡಿದರು. ಪೇಟೆಯಲ್ಲಿ ಬಾಡಿಗೆ ಮನೆಗಳೆಲ್ಲ ಪ್ರವಾಸಿಗರ ಪಾಲಾಗಿದ್ದವು. ಹಾಗಾಗಿ ಬಸ್ಸಿಳಿದು ಟೀ ತೋಟಗಳ ನಡುವೆ ಇಳಿಜಾರಿನಲ್ಲಿ ನಡೆದರೆ ಸಿಗುವ ಈ ಹಟ್ಟಿಯಲ್ಲಿ, ದೊಡ್ಡವ್ವನ ಮನೆಯ ಮುಂದಿನ ಎರಡು ಕೋಣೆಗೆ ಬಂದು ಸೇರಿಕೊಂಡೆ. ಅವರದು ಈ ಬೆಟ್ಟದ ಬಡಗ ಜನರ ಮಾತು, ನನ್ನದು ನಮ್ಮೂರಿನ ಕನ್ನಡ. ಎರಡೂ ಅಕ್ಕತಂಗಿಯರ ಹಾಗೆ, ಮುಖ ಒಂದೇ ಆದರೂ ಸ್ವಭಾವ ಬೇರೆ. ಅವರ ಮಾತನ್ನು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಅದು ನನ್ನ ಕಿವಿಯದು. ನಾನು "ದೊಡ್ಡವ್ವ" ಎಂದರೆ ಅವರು "ದೊಡ್ಡವ್ವೆ" ಎಂದು ತಿದ್ದುತ್ತಿದ್ದರು. ನಾನು ಮತ್ತೆ ದೊಡ್ಡವ್ವ ಎನ್ನುತ್ತಿದ್ದೆ. ಕೊನೆಗೆ, "ಈ ಬ್ಯಾಂಕ್ ಹೆಣ್ಣಿಗ ಕಿವಿ ಮಂದ" ಎಂದು ಊರಿಗೆಲ್ಲ ಹೇಳಿ ಸುಮ್ಮನಾದರು.

ಬಸ್ ಸ್ಟ್ಯಾಂಡಿನ ಟೀ ಅಂಗಡಿಗಳಿಗೆ ಬನ್ನು, ರಸ್ತೆಯಾಚೆಯ ಎರಡು ಹೋಂಸ್ಟೇಗಳಿಗೆ ಬ್ರೆಡ್ಡು, ಹಟ್ಟಿಯ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು. ಎಲ್ಲವೂ ಆ ಒಂದು ಓವನ್ನಿನಿಂದ. ಗೋದ್ರೇಜ್ ಬೀರುವಿನಷ್ಟು ಅಗಲದ ಆ ಓವನ್ನು ಯಾವುದೋ ಬಂಗಲೆ ಮುಚ್ಚಿದಾಗ ಸಿಕ್ಕ ಹಳೆಯ ಮಾಲು. ಅವರ ಗಂಡ ದೊಡ್ಡಪ್ಪ ಬೆಳಿಗ್ಗೆ ಟ್ರೇಗಳನ್ನು ಹೊತ್ತು ಬಸ್ಸಿಗೆ ಮುಟ್ಟಿಸಿ, ಹಾಗೆಯೇ ತಮ್ಮ ತೋಟಕ್ಕೆ ಟೀ ಸೊಪ್ಪು ಕೀಳಲು ಹೋಗುತ್ತಿದ್ದರು. ಅವರು ಮಾತಿನಲ್ಲಿ ಬಹಳ ಜಿಪುಣರು. ಮನೆಯ ಮಾತನ್ನೆಲ್ಲ ಹೆಂಡತಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದಾರೆ ಎಂದು ನಾನು ರೇಗಿಸಿದರೆ ಮೀಸೆಯಲ್ಲಿ ನಗುತ್ತಿದ್ದರು. ಅಡಿಗೆಮನೆಯಲ್ಲಿ ಗಡಿಯಾರ ಇರಲಿಲ್ಲ. ಮೊದಲು ಹಾಲು ಉಕ್ಕುವ ವಾಸನೆ, ಆಮೇಲೆ ರವೆ ಹುರಿದ ವಾಸನೆ, ಅದು ದಾಟಿ ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ ಬಂದರೆ ಬನ್ನು ಬೆಂದಿತು ಎಂದು ಅವರ ಲೆಕ್ಕ. ಬಟ್ಟೆ ಒಗೆಯುತ್ತಾ ಹಿತ್ತಲಲ್ಲಿದ್ದವರು ಸೋಪಿನ ಕೈಯಲ್ಲೇ ಓಡಿಬಂದು ಬಾಗಿಲು ತೆಗೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಅವರ ಈ ಮೂಗಿಗೆ ಹಟ್ಟಿಯಲ್ಲಿ ಇನ್ನೊಂದು ಕೆಲಸವೂ ಇತ್ತು. ಈಗ ಮನೆಮನೆಗೂ ಮೇಜಿನ ಮೇಲಿಡುವ ಸಣ್ಣ ಓವನ್ ಬಂದಿದೆ. ಫೋನಿನಲ್ಲಿ ನೋಡಿ ಕೇಕು ಮಾಡುವವರು ಹೆಚ್ಚು, ಸೀಯಿಸುವವರು ಅದಕ್ಕಿಂತ ಹೆಚ್ಚು. ಸೀದ ವಾಸನೆ ಹೋಗದಿದ್ದರೆ ದೊಡ್ಡವ್ವನಿಗೆ ಕರೆ ಹೋಗುತ್ತಿತ್ತು. ನಾನೂ ಒಮ್ಮೆ ಬೆಣ್ಣೆ ಬಿಸ್ಕತ್ತು ಮಾಡಲು ಹೋಗಿ ಬೆಣ್ಣೆಯೆಲ್ಲ ಕೆಳಗಿನ ಕಂಬಿಯ ಮೇಲೆ ಸುರಿದು, ಮನೆ ತುಂಬ ನೀಲಿ ಹೊಗೆ ಎಬ್ಬಿಸಿದೆ. ಬುದ್ಧಿವಂತಳಲ್ಲವೇ, ಒರೆಸಿ, ಒಳಗೆಲ್ಲ ನೀಲಗಿರಿ ಎಣ್ಣೆ ಹಚ್ಚಿದೆ. ದೊಡ್ಡವ್ವ ಬಂದು ಮೂಸಿ ಎರಡು ಹೆಜ್ಜೆ ಹಿಂದೆ ಸರಿದರು.

"ಏನ ಮಾಡಿದೆ ಕೂಸೇ? ಇದರಲ್ಲಿ ಬೆಂದ ಕೇಕು ತಿಂದರ ನೆಗಡಿ ಹೋಕು, ಹಸಿವೂ ಹೋಕು!"

ಆಮೇಲೆ ನೆಲದಲ್ಲಿ ಕೂತು ಕೆಲಸ ಹಚ್ಚಿದರು. ಕಂಬಿ, ಟ್ರೇ ಎಲ್ಲ ಬಿಚ್ಚಿ ಬಿಸಿನೀರಿನಲ್ಲಿ ನೆನೆಹಾಕಿಸಿದರು. ತಣ್ಣಗಾದ ಓವನ್ನಿನೊಳಗೆ, ಕಾಯುವ ಸರಳುಗಳಿಗೆ ತಾಗದ ಹಾಗೆ, ಅಡಿಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಬಳಿದರು. ಅದು ಒಣಗಿ ಬಿಳಿಚಿಕೊಂಡ ಮೇಲೆ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಅಗಲವಾದ ಬಟ್ಟಲಲ್ಲಿ ನೀರು, ವಿನಿಗರ್, ನಿಂಬೆಯ ಸಿಪ್ಪೆ ಹಾಕಿ ಒಳಗಿಟ್ಟು ಹಬೆಯಾಡಿಸಿದರು. ಆಮೇಲೆ ಬಾಗಿಲು ತೆರೆದು, ಕಿಟಕಿಯನ್ನೂ ತೆರೆದು, ಚಳಿಗಾಳಿಗೆ ಬಿಟ್ಟರು. ನಾನು ನಡುಗುತ್ತಾ, ಸ್ವಲ್ಪ ಏಲಕ್ಕಿ ಕಾಯಿಸಿದರೆ ಆಗದೇ ಎಂದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಾ, "ವಾಸನೆಯ ಮುಚ್ಚಬೇಡ ಕೂಸೇ, ತೆಗೆ. ಮುಚ್ಚಿದ ವಾಸನೆ ಒಳಗೇ ಕೂತಿರ" ಎಂದರು. ಅವರು ಎಲ್ಲರಿಗೂ ಹೇಳುತ್ತಿದ್ದದ್ದು ಇದನ್ನೇ.

ಹೊಗೆಯ ವಿಷಯದಲ್ಲಿ ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಸೊಪ್ಪು ಬಾಡಿಸಿ ಒಣಗಿಸುವ ಫ್ಯಾಕ್ಟರಿಯಲ್ಲಿ ಒಲೆಯ ಹೊಗೆ ಒಂದು ಚೂರು ಟೀಗೆ ತಗುಲಿದರೂ ಆ ಮಾಲನ್ನು ಯಾರೂ ಮುಟ್ಟುವುದಿಲ್ಲ ಎಂಬುದನ್ನು ಕಂಡು ಬೆಳೆದ ಊರು ಅದು. "ಹೊಗೆ ಕುಡಿದ ಟೀಯ ಮಾರಲಾಗ. ಹೊಗೆ ಕುಡಿದ ರೊಟ್ಟಿಯ ದಾನಕೂ ಕೊಡಲಾಗ" ಎನ್ನುತ್ತಿದ್ದರು. ಬ್ರೆಡ್ಡಿಗೂ ಅವರು ರೊಟ್ಟಿ ಎಂದೇ ಹೇಳುವುದು.

ಇನ್ನು ಆ ಹಟ್ಟಿಯ ಒಂದು ಪದ್ಧತಿ ಹೇಳಲೇಬೇಕು. ಅಲ್ಲಿ ಕಿರಿಯರು ಹಿರಿಯರ ಎದುರು ಬಂದರೆ ತಲೆ ಬಾಗಿಸುತ್ತಾರೆ. ಹಿರಿಯರು ಆ ತಲೆ ಮುಟ್ಟಿ ಹರಸುತ್ತಾರೆ. ನೋಡಲು ಬಹಳ ಚೆಂದ. ಆದರೆ ಬಾಗಿದ ತಲೆ ಮಾತಿನಲ್ಲೂ ಬಾಗಿಯೇ ಇರುತ್ತದೆ. ಹಿರಿಯರು ಒಂದು ಮಾತು ಆಡಿದರೆ ಅದನ್ನು ಮುಖದ ಮೇಲೆ ಅಲ್ಲ ಎನ್ನುವವರಿಲ್ಲ. ಇವತ್ತು ಬಿಸಿಲು ಎಂದು ಅಜ್ಜ ಹೇಳಿದರೆ, ಕೊಡೆ ಹಿಡಿದು ನೆನೆಯುತ್ತಿದ್ದವರೂ ಹೌದು ಎನ್ನುತ್ತಾರೆ. ನಮ್ಮ ಕಡೆ ಹೌದಪ್ಪನ ಚಾವಡಿಯಲ್ಲಿ ಹೌದಪ್ಪ ಎಂದು ಗೇಲಿ ಮಾಡುತ್ತೇವೆ. ಇಲ್ಲಿ ಅದು ಗೇಲಿಯ ಮಾತಲ್ಲ, ಮರ್ಯಾದೆ. ನಾನೋ ಕಡ್ಡಿ ಮುರಿದ ಹಾಗೆ ಮಾತಾಡುವವಳು.

ಒಂದು ಮಳೆಗಾಲ ಶುರುವಾದಾಗ ದೊಡ್ಡವ್ವ ತಮ್ಮದೇ ಓವನ್ನಿನಿಂದ ಸೀದ ವಾಸನೆ ಬರುತ್ತಿದೆ ಎಂದರು. ಸಂಜೆ ನಾನು ಬ್ಯಾಂಕಿನಿಂದ ಬಂದಾಗ ಟ್ರೇಗಳೆಲ್ಲ ಅಂಗಳದಲ್ಲಿದ್ದವು, ಸೋಡಾ ಬಳಿದಾಗಿತ್ತು. ಮಾರನೆಯ ದಿನ ಹಬೆ. ಅದರ ಮಾರನೆಯ ದಿನ ಒಳಗೆ ಕಾಫಿಪುಡಿಯ ಬಟ್ಟಲು, ಇದ್ದಿಲಿನ ಬಟ್ಟಲು. ಮತ್ತೆ ಮೂಸಿದರು. ವಾಸನೆ ಇದೆ ಎಂದರು.

ಅಕ್ಕಪಕ್ಕದವರನ್ನು ಕರೆದರು. ಒಬ್ಬೊಬ್ಬರೂ ಬಂದು, ತಲೆ ಬಾಗಿಸಿ ಹರಕೆ ಪಡೆದು, ಅದೇ ತಲೆಯನ್ನು ಓವನ್ನಿನೊಳಗೆ ಹಾಕಿ, "ಹೌದು ದೊಡ್ಡವ್ವೆ, ಒಂಚೂರು ಇದ್ದ" ಎಂದರು. ಕೂನೂರಿನಿಂದ ರಿಪೇರಿಯವನು ಬಂದು ಹಿಂದಿನ ತಗಡು ಬಿಚ್ಚಿ ನೋಡಿದ. ಅವನಿಗೆ ಏನೂ ಕಾಣಲಿಲ್ಲ. ಆದರೂ ಮುದುಕಿಯ ಮುಖ ನೋಡಿ, "ಆಮಾಮ್ಮಾ, ಕೊಂಜಂ ವಾಸನೆ ಇರುಕ್ಕು" ಎಂದು ತಮಿಳಿನಲ್ಲಿ ಹೌದು ಹೇಳಿ, ಬಾಗಿಲಿನ ರಬ್ಬರು ಬದಲಾಯಿಸಿ ಹೋದ. ನನ್ನ ಸರದಿ ಬಂತು. ಮೂಸಿದೆ. ಒಳಗೆ ನಿಂಬೆಯ ಸಿಪ್ಪೆ ಬಿಟ್ಟರೆ ಬೇರೇನೂ ಇಲ್ಲ.

"ಇಲ್ಲ ದೊಡ್ಡವ್ವ. ಯಾವ ವಾಸನೆಯೂ ಇಲ್ಲ."

"ಇಲ್ಲೆಯಾ? ಈ ಊರ ಮೂಗೆಲ್ಲ ಪೊಯ್ಯಾ, ನಿನ್ನ ಮೂಗೊಂದು ನಿಜವಾ?"

"ನಿಮ್ಮ ಮೂಗಿಗೆ ಏನೋ ಆಗಿದೆ. ಡಾಕ್ಟರಿಗೆ ತೋರಿಸಿ."

ಅವರ ಮುಖ ಕೆಂಪಾಯಿತು. ಆ ಮೂಗು ಅವರ ಅನ್ನ. ಅದರ ಮೇಲೆ ಅನುಮಾನ ಪಟ್ಟವಳ ಜೊತೆ ಕೆಲ ದಿನ ಮಾತು ಬಿಟ್ಟರು. ಊಟದ ತಟ್ಟೆಗೆ ಅವರೆಯ ಸಾರು ಬಂದು ಬೀಳುವುದು ಮಾತ್ರ ನಿಲ್ಲಲಿಲ್ಲ. ದೊಡ್ಡಪ್ಪ ತಂದಿಟ್ಟು ಹೋಗುತ್ತಿದ್ದರು.

ಬೇರೆ ಹಟ್ಟಿಗೆ ಮದುವೆಯಾಗಿ ಹೋಗಿದ್ದ ಮಗಳು ಕೊನೆಗೆ ಹೊಸ ಓವನ್ನನ್ನೇ ತಂದಳು. ಪೆಟ್ಟಿಗೆ ಬಿಚ್ಚಿ, ಬರಿದೇ ಕಾಯಿಸಿದರು. ದೊಡ್ಡವ್ವ ಮೂಸಿ, ಕುರ್ಚಿಯಲ್ಲಿ ಕುಸಿದು ಕೂತರು. ಅದರಲ್ಲೂ ಸೀದ ವಾಸನೆ. ಹೊಸ ಓವನ್ ಮೊದಲ ಸಲ ಕಾಯಿಸಿದಾಗ ಒಂದು ಬಗೆಯ ವಾಸನೆ ಬರುವುದು ನಿಜವೇ. ನನ್ನ ಮೂಗಿಗೂ ಬಂತು. ಎಲ್ಲರೂ ಅದನ್ನೇ ಹೇಳಿ ಸಮಾಧಾನ ಮಾಡಿದರು. ನಾನೂ, ಸರಿ, ಮುದುಕಿಯ ಮೂಗು ನನ್ನದಕ್ಕಿಂತ ಚುರುಕಿರಬೇಕು ಎಂದುಕೊಂಡೆ.

ಆಮೇಲೆ ಅವರು ಮಾರುವುದನ್ನೇ ನಿಲ್ಲಿಸಿದರು. ಕೆಲವು ದಿನ ವಾಸನೆ ಇರುವುದಿಲ್ಲವೆಂದು ಹಿಟ್ಟು ಕಲಸುವರು. ಬನ್ನು ಉಬ್ಬಿ ಬಣ್ಣ ಬರುವ ಹೊತ್ತಿಗೆ ಸಟ್ಟನೆ ಮುಖ ಬದಲಾಗುವುದು. ತುಟಿ ಚಪ್ಪರಿಸುತ್ತಾ, ಕಣ್ಣು ಎಲ್ಲೋ ನೆಟ್ಟು, ಅರೆಗಳಿಗೆ ನಿಂತುಬಿಡುವರು. ತಿರುಗಿ, "ಇದು ಮುಂಚೆಯೂ ಆಗಿತ್ತಲ್ಲಾ ಕೂಸೇ? ನೀ ಹೀಗೇ ನಿಂತಿದ್ದೆ" ಎನ್ನುವರು. ಇಡೀ ಟ್ರೇಯ ಹೊಂಬಣ್ಣದ ಬನ್ನುಗಳನ್ನು ಪಕ್ಕದ ಮನೆಯ ಹಸುವಿಗೆ ಹಾಕಿಬಿಡುವರು. ನಾನು ಒಂದನ್ನು ಕಿತ್ತುಕೊಂಡು ಅವರೆದುರೇ ತಿಂದು, ಎಷ್ಟು ಚೆನ್ನಾಗಿದೆ ನೋಡಿ ಎಂದೆ. ಅವರು ಅದನ್ನು ನನ್ನ ಬಾಯಿಂದಲೇ ಎಳೆದುಕೊಳ್ಳುವವರ ಹಾಗೆ ಕೈ ಚಾಚಿದರು.

ಅವರನ್ನು ಕೊರೆಯುತ್ತಿದ್ದದ್ದು ಮುಂದಿನ ಬನ್ನಿನ ಚಿಂತೆಯಲ್ಲ. ಒಂದು ಸಂಜೆ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಾ ಹೇಳಿದರು: "ಎನಗ ತಿಳಿದದ್ದು ಈಗ. ಅದು ಯಾವಾಗ ಹಿಡಿದಿತೋ. ಎಷ್ಟು ದಿನ ಹೊಗೆ ಕುಡಿದ ರೊಟ್ಟಿಯ ಈ ಜನಕ ತಿನ್ನಿಸಿದೆನೋ. ಮರ್ಯಾದೆಗ ಯಾರೂ ಹೇಳಿಲ್ಲೆ." ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಪ್ಪ ಎದ್ದು, ಸೌದೆ ತರುವ ನೆಪದಲ್ಲಿ ಹೊರಗೆ ಹೋದರು.

ಮಧ್ಯಾಹ್ನವೊಂದರಲ್ಲಿ, ಹೊಸ ಓವನ್ನಿನ ಮುಂದೆ ನಿಂತಿದ್ದ ದೊಡ್ಡವ್ವ ಹಾಗೆಯೇ ಬಿದ್ದರು, ಕೈಕಾಲು ಸೆಟೆದುಕೊಂಡವು. ಮಗಳು ಕೊಯಮತ್ತೂರಿಗೆ ಕರೆದುಕೊಂಡು ಹೋದಳು. ನಾನೂ ರಜೆ ಹಾಕಿ ಹೋದೆ. ತಲೆಯ ಚಿತ್ರ ತೆಗೆದ ಮೇಲೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆ, ಇವರಿಗೆ ಆಗಾಗ ಏನಾದರೂ ಸುಟ್ಟ ವಾಸನೆ ಬರುತ್ತಿತ್ತಾ ಎಂದು. ಮಗಳು ನನ್ನ ಮುಖ ನೋಡಿದಳು. ಮಿದುಳಿನಲ್ಲಿ ವಾಸನೆ ತಿಳಿಯುವ ಜಾಗದಲ್ಲೇ ಗಡ್ಡೆ ಬೆಳೆದಿತ್ತು. ಇಡೀ ಮಳೆಗಾಲ ನಾವೆಲ್ಲ ಸೇರಿ ಸೋಡಾ ಬಳಿದು, ಹಬೆ ಹಾಯಿಸಿ, ತಗಡು ಬಿಚ್ಚಿ ಹುಡುಕಿದ ಹೊಗೆ ಓವನ್ನಿನಲ್ಲಿ ಇರಲೇ ಇಲ್ಲ.

ಗಡ್ಡೆ ಇದೆ, ಆ ವಾಸನೆ ಅದರದ್ದು ಎಂಬಷ್ಟನ್ನು ಅವರಿಗೆ ತಿಳಿಸಿದರು. ಅದು ಗುಣವಾಗುವಂಥದ್ದಲ್ಲ ಎಂಬುದನ್ನು ತಿಳಿಸಲಿಲ್ಲ. ನಾನು ಹೆದರುತ್ತಾ ಮಂಚದ ಹತ್ತಿರ ಹೋದರೆ ಅವರ ಮುಖ ಬೆಳಗಿತ್ತು.

"ಹಂಗಾದ ಎನ್ನ ಓವನ್ ಚೆಂದ ಇದ್ದತಾ? ರೊಟ್ಟಿಯಲಿ ಹೊಗೆ ಇಲ್ಲೆಯಾ?"

"ಯಾವತ್ತೂ ಇರಲಿಲ್ಲ ದೊಡ್ಡವ್ವ."

"ನೀ ಒಬ್ಬಳೇ ನಿಜ ಹೇಳಿದ್ದು" ಎಂದು ನನ್ನ ತಲೆಯನ್ನು ಎಳೆದು ಬಗ್ಗಿಸಿ ಮುಟ್ಟಿದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ನನ್ನ ಮೂಗು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು, ಹಾಳಾದ ಓವನ್ನಿನಲ್ಲಿ ಒಂದು ಸತ್ತ ಇಲಿಯೋ ಸೀದ ಬೆಣ್ಣೆಯೋ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಮಾತ್ರೆ ಶುರುವಾದ ಮೇಲೆ ವಾಸನೆ ನಿಂತಿತು. ದೊಡ್ಡವ್ವ ಅದನ್ನೇ ಗುಣವೆಂದು ತಿಳಿದರು. ಊರಿಗೆ ಬಂದವರೇ ಹಳೆಯ ಓವನ್ ಹಚ್ಚಿಸಿ, ಕುರ್ಚಿಯಲ್ಲಿ ಕೂತು, ನನ್ನ ಕೈಯಲ್ಲಿ ಹಿಟ್ಟು ನಾದಿಸಿ, ಹಟ್ಟಿಗೆಲ್ಲ ಬನ್ನು ಹಂಚಿಸಿದರು. ಆ ದಿನದ ಗಲಾಟೆ ಹೇಳಿ ಮುಗಿಯುವಂಥದ್ದಲ್ಲ. ಮಕ್ಕಳು ಬಿಸಿ ಬನ್ನನ್ನು ಕೈಯಿಂದ ಕೈಗೆ ಹಾರಿಸುತ್ತಾ ಅಂಗಳ ತುಂಬಿದ್ದರು. "ಹಿಟ್ಟ ಗುದ್ದಬೇಡ, ಅದು ನಿನ್ನ ಮ್ಯಾನೇಜರ್ ಅಲ್ಲ" ಎಂದು ನನ್ನನ್ನು ಎಲ್ಲರೆದುರು ಬೈದು ನಗಿಸಿದರು. ಹಾಗೆ ಇನ್ನೂ ಕೆಲವು ಸಲ ಬೇಯಿಸಿದೆವು.

ಚಳಿಗಾಲ ಬರುವಷ್ಟರಲ್ಲಿ ಗಡ್ಡೆ ಇತರ ಜಾಗಗಳನ್ನೂ ಹಿಡಿಯಿತು. ಮೊದಲು ಬಲಗೈ, ಆಮೇಲೆ ಹೆಸರುಗಳು. ಡಾಕ್ಟರು ಹೇಳಿದ ಮಾತು ಅವರ ನೆನಪಿನಿಂದ ಅಳಿಸಿಹೋಯಿತು. ಮಳೆಗಾಲದ ಭಯ ಮಾತ್ರ ಅಳಿಸಲಿಲ್ಲ. ನೋಡಲು ಬಂದವರ ಕೈಹಿಡಿದು, "ಎನ್ನ ರೊಟ್ಟಿಯಲಿ ಹೊಗೆ ಇದ್ದತಾ?" ಎಂದು ಕೇಳತೊಡಗಿದರು. ಈಗ ಎಲ್ಲರೂ "ಇಲ್ಲೆ ದೊಡ್ಡವ್ವೆ, ಇಲ್ಲೆ" ಎಂದು ಆಣೆ ಹಾಕಿದರು. ಅವರು ತಲೆ ಅಲ್ಲಾಡಿಸುತ್ತಿದ್ದರು.

"ಅಂದು ಹೌದು ಹೇಳಿದಿರಿ. ಇಂದು ಇಲ್ಲೆ ಹೇಳಿದಿರಿ. ನಾ ಯಾವುದ ನಂಬಲಿ?"

ಪಕ್ಕದ ಮನೆಯಾಕೆ ಹೊರಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು. ಅವಳ ತಪ್ಪೇನಿತ್ತು? ಹಿರಿಯಳ ಮನಸ್ಸು ನೋಯಬಾರದೆಂದು ಒಂದು ಹೌದು ಹೇಳಿದ್ದಳು, ಅಷ್ಟೆ. ನನ್ನ ಮಾತನ್ನಾದರೂ ನಂಬಿಯಾರು ಎಂದು ನಾನು ಕಾದಿದ್ದೆ. ಆ ಹೊತ್ತಿಗೆ ಅವರಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ಯಾರೋ ಪೇಟೆಯ ಹೆಣ್ಣು ಎಂಬಂತೆ ನೋಡಿ, ನನ್ನನ್ನೂ ಅದನ್ನೇ ಕೇಳುವರು. ಇಲ್ಲ ಎಂದರೆ, ಮರ್ಯಾದೆಗೆ ಹೇಳಿದಳು ಎಂದು ಮುಖ ತಿರುಗಿಸುವರು. ನನ್ನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸೋಲನ್ನು ನಾನು ಕಂಡಿಲ್ಲ. ಆ ಅನುಮಾನದಲ್ಲೇ ಮಾತು ನಿಂತಿತು. ಮಂಜು ಬೀಳುವ ದಿನಗಳಲ್ಲಿ ಒಂದು ಬೆಳಿಗ್ಗೆ ಉಸಿರೂ ನಿಂತಿತು.

ಆ ಜನರಲ್ಲಿ ಹೆಣ ಎತ್ತುವ ಮೊದಲು ಒಂದು ಕ್ರಮವಿದೆ. ಮಂಚವನ್ನು ಹಟ್ಟಿಯ ಹುಲ್ಲು ಬಯಲಿನಲ್ಲಿ ಇಳಿಸುತ್ತಾರೆ. ಊರೆಲ್ಲ ಸುತ್ತ ನಿಲ್ಲುತ್ತದೆ. ಹಿರಿಯರೊಬ್ಬರು ಮುಂದೆ ಬಂದು, ಸತ್ತವರು ಬದುಕಿನಲ್ಲಿ ಮಾಡಿರಬಹುದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಮಾಡಿದ್ದರೂ ಮಾಡದಿದ್ದರೂ ಹೇಳುತ್ತಾರೆ. ಒಂದೊಂದಕ್ಕೂ ನೆರೆದವರು ಒಟ್ಟಿಗೆ "ಪಾಪ" ಎನ್ನಬೇಕು. ಹಾಗೆ ಹೇಳಿ ಮುಗಿಸಿದರೆ ಹೊರೆ ಕಳೆದು ದಾರಿ ತೆರೆಯುತ್ತದೆ ಎಂದು ನಂಬಿಕೆ.

ಹಟ್ಟಿಯ ಗೌಡರು ಶಾಲು ಸರಿಮಾಡಿಕೊಂಡು ಶುರುಮಾಡಿದರು. ತಿಳಿಯದೆ ಜೀವಜಂತುವಿಗೆ ನೋವು ಮಾಡಿದ್ದು ಎಂದರು. "ಪಾಪ" ಎಂದಿತು ಊರು. ಗಡಿಯ ಕಲ್ಲು ಸರಿಸಿದ್ದು. "ಪಾಪ." ನೆರೆಯವರ ಹಸು ಕಂಡು ಹೊಟ್ಟೆ ಉರಿಸಿಕೊಂಡದ್ದು. "ಪಾಪ." ಟೀ ಅಂಗಡಿಯವರು, ಹೋಂಸ್ಟೇಯವರು, ಶಾಲೆಯ ಮಕ್ಕಳು, ಕೂನೂರಿನ ರಿಪೇರಿಯವನು ಕೂಡ ಬಂದಿದ್ದರು. ಸದ್ದು ದೊಡ್ಡದಾಗಿತ್ತು. ದೊಡ್ಡಪ್ಪ ತಲೆಯ ಕಡೆ, ಮಂಚದ ಕಾಲು ಹಿಡಿದು ನಿಂತಿದ್ದರು.

"ಉಂಬಕ ಬಂದವರಿಗ ಕೆಟ್ಟದ ಇಕ್ಕಿದ್ದು" ಎಂದರು ಗೌಡರು.

ಯಾರೂ ಏನೂ ಅನ್ನಲಿಲ್ಲ.

ಗೌಡರು ತಲೆ ಎತ್ತಿ ನೋಡಿದರು. ಜನ ಕೇಳಿಸಿಕೊಂಡಿಲ್ಲವೆಂದು ಬಗೆದರೋ ಏನೋ, ಅದೇ ಮಾತನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. ಹಿರಿಯರ ಮಾತಿಗೆ ಎಂದೂ ಅಲ್ಲ ಎನ್ನದ ಆ ಊರು ತುಟಿ ಬಿಗಿದುಕೊಂಡು ನಿಂತಿತ್ತು. ಪಕ್ಕದ ಮನೆಯಾಕೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಗೌಡರು ಸ್ವಲ್ಪ ಹೊತ್ತು ಕಾದರು. ಅವರೂ ಆ ಬನ್ನು ತಿಂದವರೇ. ಕಣ್ಣೊರೆಸಿಕೊಂಡು ಮುಂದಿನ ತಪ್ಪಿಗೆ ಹೋದರು. ಊರು ಮತ್ತೆ "ಪಾಪ" ಎಂದಿತು.

ದೊಡ್ಡಪ್ಪ ಮಂಚದ ಮೇಲೆ ಬಾಗಿದರು. ಹೆಂಡತಿಯ ಕಿವಿಯ ಮೇಲಿದ್ದ ಬಿಳಿ ಬಟ್ಟೆಯನ್ನು ಸರಿಸಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದರು:

"ಕೇಳಿತಾ? ಯಾರೂ ಹೇಳಿಲ್ಲೆ."